ಹನ್ನೆರಡನೇ ಗುಳ್ಳೆ

ಬೇರೆಯವರ ಬಾಯಲ್ಲಿ ಮಾತು ತುಂಬುವ ಕೆಲಸ ಯಾರಿಗೆ ಗೊತ್ತಿಲ್ಲ ಹೇಳಿ? ವಕೀಲ ಸಾಕ್ಷಿಯ ಬಾಯಲ್ಲಿ ತುಂಬುತ್ತಾನೆ, ತಾಯಿ ಮಗುವಿನ ಬಾಯಲ್ಲಿ ತುಂಬುತ್ತಾಳೆ. ಆದರೆ ಅದನ್ನೇ ಕಸುಬು ಮಾಡಿಕೊಂಡು, ಸಂಬಳ ತೆಗೆದುಕೊಂಡು, ಇಪ್ಪತ್ತೆರಡು ವರ್ಷ ಮಾನವಾಗಿ ಬಾಳಿದವನು ನಮ್ಮ ಗುಳ್ಳೆರಾಯನೊಬ್ಬನೇ.

ಅವನಿದ್ದದ್ದು ‘ಗುಡುಗಣ್ಣ’ ಎಂಬ ವಾರದ ಚಿತ್ರಕಥೆಯ ಕಚೇರಿಯಲ್ಲಿ. ಗುಡುಗಣ್ಣ ಎಂದರೆ ಆಕಾಶದಲ್ಲಿ ಹಾರಾಡಿಕೊಂಡು, ಕಂಡಕಂಡ ದುಷ್ಟರನ್ನು ಗುದ್ದಿ ಗುದ್ದಿ ಊರನ್ನು ಕಾಪಾಡುವ ಮಹಾವೀರ. ಚಿತ್ರಕಾರ ಅವನನ್ನು ಹಾರಿಸುತ್ತಿದ್ದ. ಹಾರುವಾಗ ತಲೆಯ ಮೇಲೆ ತೇಲುವ ಮಾತಿನ ಗುಳ್ಳೆಗಳನ್ನು ನಮ್ಮವನು ಬರೆಯುತ್ತಿದ್ದ. ತೆಳ್ಳನೆಯ ಬಿಳಿ ಕಾಗದ, ದುಂಡನೆಯ ಅಕ್ಷರ, ಸಾಲಿಗೆ ಮೂರೇ ಪದ, ಸುತ್ತಲೂ ಮೋಡದ ಹಾಗೆ ಒಂದು ಗೆರೆ. ಆಮೇಲೆ ಕತ್ತರಿಯಿಂದ ಗೆರೆಯ ಗುಂಟ ಕತ್ತರಿಸಿ, ಹಿಂದುಗಡೆ ಪೆನ್ಸಿಲಿನಲ್ಲಿ ಪುಟದ ಅಂಕಿ ಹಾಕಿಬಿಟ್ಟರೆ ಅವನ ಕೆಲಸ ಮುಗಿಯಿತು.

ಅಲ್ಲಿಂದ ಮುಂದಿನದು ಅಂಟಿನಜ್ಜನದು. ಅಂಟಿನಜ್ಜ ಚೀಟಿಯ ಬೆನ್ನು ನೋಡುತ್ತಿದ್ದ, ಅಂಕಿ ನೋಡುತ್ತಿದ್ದ, ಆ ಪುಟದ ಮೇಲೆ ಅಂಟಿಸುತ್ತಿದ್ದ. ಮೂವತ್ತು ವರ್ಷದಲ್ಲಿ ಅವನು ಒಂದು ಗುಳ್ಳೆಯನ್ನೂ ಓದಿರಲಿಲ್ಲ. "ಅಂಟಿಸೋನು ಓದಬಾರದಪ್ಪ, ಓದೋಷ್ಟರಲ್ಲಿ ಅಂಟು ಒಣಗುತ್ತೆ" ಎನ್ನುವುದು ಅವನ ಸಿದ್ಧಾಂತ. ಈ ಸಿದ್ಧಾಂತ ಒಂದು ದಿನ ದೇಶಕ್ಕೇ ಕಣ್ಣೀರು ತರಿಸುತ್ತದೆಂದು ಆಗ ಯಾರಿಗೆ ಗೊತ್ತಿತ್ತು.

ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದ್ದರಿಂದಲೋ ಏನೋ, ಗುಳ್ಳೆರಾಯನಿಗೆ ಜನರ ತಲೆಯ ಮೇಲೆಲ್ಲ ಗುಳ್ಳೆಗಳು ಕಾಣಿಸುತ್ತಿದ್ದವು. ಬಸ್ಸಿನಲ್ಲಿ ಕೂತರೆ ಕಂಡಕ್ಟರನ ತಲೆಯ ಮೇಲೆ ಒಂದು ದೊಡ್ಡ ಗುಳ್ಳೆ, ಕಿಟಕಿ ಪಕ್ಕ ತೂಕಡಿಸುವ ಹೆಂಗಸಿನ ತಲೆಯ ಮೇಲೆ ಸಣ್ಣ ಸಣ್ಣ ಮೂರು. ಅವು ಮೆಲ್ಲಗೆ ಕಿಟಕಿಯಿಂದ ಹೊರಗೆ ಹೋಗಿ ಬೀದಿದೀಪಗಳ ನಡುವೆ ತೇಲುತ್ತಿದ್ದುದನ್ನು ನೋಡುತ್ತಾ ಅವನು ಎಷ್ಟೋ ಸಲ ಇಳಿಯುವ ಜಾಗ ದಾಟಿ ಮುಂದೆ ಹೋದದ್ದುಂಟು. ಸ್ವಂತ ಮಾತು ಮಾತ್ರ ಅವನಿಗೆ ಬರುತ್ತಿರಲಿಲ್ಲ. ಗುಡುಗಣ್ಣನ ಬಾಯಲ್ಲಿ "ಎಲೈ ದುಷ್ಟ, ನಿಲ್ಲು!" ಎಂದು ಬರೆಯುವವನು ಅಂಗಡಿಯಲ್ಲಿ ಕೊಳೆತ ಟೊಮೇಟೊ ಹಾಕಿಕೊಟ್ಟರೂ ಸುಮ್ಮನೆ ತರುತ್ತಿದ್ದ.

ಇಂಥವನು ಜೀವನದಲ್ಲಿ ಒಂದೇ ಒಂದು ಸಲ ಜಂಬ ಕೊಚ್ಚಿಕೊಂಡ. ಒಂದು ಸಲ! ಅಷ್ಟಕ್ಕೇ ಎಲ್ಲ ಎಡವಟ್ಟಾಯಿತು.

ನಡೆದದ್ದಿಷ್ಟು. ಗುಡುಗಣ್ಣನ ಮಾರಾಟ ಕುಸಿದಿತ್ತು. ಸಂಪಾದಕರು ತಲೆ ಕೆರೆದುಕೊಂಡು ಕೆರೆದುಕೊಂಡು ಕೊನೆಗೆ ಒಂದು ಉಪಾಯ ಹುಡುಕಿದರು: ನಿಜವಾಗಿ ಬದುಕಿರುವ ಒಬ್ಬ ಪ್ರಸಿದ್ಧ ಮನುಷ್ಯನನ್ನು ಕಥೆಯೊಳಗೆ ಅತಿಥಿಯಾಗಿ ತರುವುದು. ಯಾರು? ರಾಷ್ಟ್ರೀಯ ತಂಡದ ಗೋಲ್‌ಕೀಪರ್! ಕಥೆಯೂ ತಯಾರಾಯಿತು. ಒಬ್ಬ ದುಷ್ಟ ವಿಜ್ಞಾನಿ ಚಂದ್ರನನ್ನು ಕೊಕ್ಕೆಯಿಂದ ಬಿಡಿಸಿಬಿಡುತ್ತಾನೆ. ಚಂದ್ರ ಮೆಲ್ಲಗೆ, ಬಲು ಮೆಲ್ಲಗೆ, ಮಲಗಿರುವ ಊರಿನ ಮೇಲೆ ಬೀಳುತ್ತಿದ್ದಾನೆ. ಗುಡುಗಣ್ಣನಿಗೆ ಬರುವುದು ಗುದ್ದುವುದೊಂದೇ. ಗುದ್ದಿದರೆ ಚಂದ್ರ ಚೂರಾಗುತ್ತಾನೆ. ಚಂದ್ರನನ್ನು ಹಿಡಿಯಲು ಹಿಡಿಯುವುದನ್ನೇ ಕಲಿತವನು ಬೇಕಲ್ಲ?

ಇಲ್ಲೊಂದು ಮಾತು ಹೇಳಬೇಕು. ಆ ಗೋಲ್‌ಕೀಪರ್ ಹನ್ನೊಂದು ವರ್ಷ ಏನೇನೆಲ್ಲ ಹಿಡಿದಿದ್ದನೋ, ಆದರೆ ಕಳೆದ ವರ್ಷದ ಫೈನಲ್ಲಿನಲ್ಲಿ ಒಂದೇ ಒಂದು ಚೆಂಡನ್ನು ಬಿಟ್ಟುಬಿಟ್ಟಿದ್ದ. ಅದೂ ಎಂಥ ಚೆಂಡು! ಮುದುಕಿ ಬೀದಿ ದಾಟುವ ಹಾಗೆ ಉರುಳಿಕೊಂಡು ಬಂದ ಚೆಂಡು. ಅವನು ಅದನ್ನು ನೋಡುತ್ತಾ ನಿಂತ. ಅದು ಅವನ ಕಾಲ ಪಕ್ಕದಿಂದ ಒಳಗೆ ಹೋಯಿತು. ಅಂದಿನಿಂದ ಅವನೂ ಅದರ ಬಗ್ಗೆ ಒಂದಕ್ಷರ ಆಡಲಿಲ್ಲ, ಜನರೂ ಅವನ ಹೆಸರು ಕೂಗಲಿಲ್ಲ. ಸಂಪಾದಕರಿಗೆ ಅವನು ಕಡಿಮೆ ಹಣಕ್ಕೆ ಸಿಕ್ಕಿದ್ದೂ ಅದಕ್ಕೇ.

ಒಪ್ಪಂದಕ್ಕೆ ಸಹಿ ಹಾಕಲು ಗೋಲ್‌ಕೀಪರ್ ಕಚೇರಿಗೆ ಬಂದ ದಿನ ಪೆನ್ನು ಕೊಟ್ಟವನು ನಮ್ಮ ಗುಳ್ಳೆರಾಯ. ಕೊಟ್ಟವನು ಸುಮ್ಮನಿರಬಾರದೇ? "ಸಾರ್, ಒಂದ್ಸಲ ನಮ್ಮನೇಗೆ ಊಟಕ್ಕೆ ಬರ್ಬೇಕು" ಎಂದುಬಿಟ್ಟ. ಗೋಲ್‌ಕೀಪರ್ ಅವನ ಕಡೆ ತಿರುಗಿ "ನೋಡೋಣ, ನೋಡೋಣ" ಎಂದ.

ದೊಡ್ಡವರು ‘ನೋಡೋಣ’ ಎಂದರೆ ಬರುವುದಿಲ್ಲ ಎಂದು ತೊಟ್ಟಿಲ ಕೂಸಿಗೂ ಗೊತ್ತು. ಗುಳ್ಳೆರಾಯನಿಗೆ ಗೊತ್ತಿರಲಿಲ್ಲ. ಅವನು ಅದೇ ಸಂಜೆ ಹೆಂಡತಿಯ ಅಣ್ಣನ ಮನೆಯಲ್ಲಿ, ಚಹಾ ಕುಡಿಯುತ್ತಾ, ಕಾಲ ಮೇಲೆ ಕಾಲು ಹಾಕಿಕೊಂಡು, "ಗೋಲ್‌ಕೀಪರ್ ಈ ಭಾನುವಾರ ನಮ್ಮನೇಗೆ ಊಟಕ್ಕೆ ಬರ್ತಾರೆ. ನಂಗೆ ಬಹಳ ಬೇಕಾದವರು" ಎಂದ. ಹೆಂಡತಿಯ ಅಣ್ಣ ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರು. ತಕ್ಕಡಿ ಕಂಡಲ್ಲೆಲ್ಲ ಮೋಸ ಕಾಣುವ ಮನುಷ್ಯ. ಅವನು ಕನ್ನಡಕದ ಮೇಲಿಂದ ನೋಡಿ, "ಹೌದಾ ಭಾವ? ಹಾಗಾದ್ರೆ ನಾವೂ ಬರ್ತೀವಿ" ಎಂದ.

ಭಾನುವಾರ ಬಂತು. ಇನ್‌ಸ್ಪೆಕ್ಟರು ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಬಂದ. ಪಕ್ಕದ ಮನೆಯ ನಿವೃತ್ತ ಹೆಡ್‌ಮೇಡಂ ಹೊಸ ಚಪ್ಪಲಿ ಹಾಕಿಕೊಂಡು ಬಂದರು. ಗುಳ್ಳೆರಾಯನ ಹೆಂಡತಿ ಬೆಳಗಿನ ಜಾವಕ್ಕೇ ಎದ್ದು ಹನ್ನೊಂದು ಬಗೆ ಮಾಡಿದ್ದಳು. ಒಂದು ಗಂಟೆಯಾಯಿತು, ಎರಡಾಯಿತು, ಮೂರಾಯಿತು. ಬಂದದ್ದು ಗ್ಯಾಸಿನವನು ಮಾತ್ರ. ಅವನೂ ಮನೆ ತಪ್ಪಿ ಬಂದಿದ್ದ.

ತಣ್ಣಗಾದ ಊಟ ಮುಗಿಸಿ ಕೈ ತೊಳೆದುಕೊಂಡು ಬಂದ ಇನ್‌ಸ್ಪೆಕ್ಟರು ಎಲ್ಲರೆದುರಿಗೆ ಶುರು ಮಾಡಿದ. "ತಂಗೀ, ನಿನ್ನ ಗಂಡನ ತೂಕ ನಾನು ಮದುವೆ ದಿನವೇ ಹಾಕಿದ್ದೆ. ಬರೀ ಗುಳ್ಳೆ! ಒಳಗೆ ಗಾಳಿ ಬಿಟ್ರೆ ಏನೂ ಇಲ್ಲ. ಆದ್ರೆ ನೀನೂ ಅದಕ್ಕೆ ಗಾಳಿ ಹಾಕ್ತೀಯ ಅಂತ ಗೊತ್ತಿರಲಿಲ್ಲ. ‘ಖಂಡಿತ ಬರ್ತಾರೆ ಅಣ್ಣಾ’ ಅಂತ ಫೋನ್ ಮಾಡಿದ್ದು ನೀನಲ್ವಾ? ಸುಳ್ಳು ಹೇಳೋದ್ರಲ್ಲಿ ಗಂಡನಿಗೆ ತಕ್ಕ ಹೆಂಡತಿ!"

ಹೆಂಡತಿ ಗಂಡನ ಕಡೆ ನೋಡಿದಳು. ಒಂದು ಮಾತು, ಒಂದೇ ಮಾತು ಆಡಲಿ ಎಂದು ನೋಡಿದಳು. ಗುಳ್ಳೆರಾಯ ಕೈಯಲ್ಲಿ ಸೌಟು ಹಿಡಿದುಕೊಂಡು ಬಸ್ ನಿಲ್ದಾಣದ ಕಂಬದ ಹಾಗೆ ನಿಂತಿದ್ದ.

ಅವತ್ತಿನಿಂದ ಅವಳು ಅವನ ಜೊತೆ ಮಾತು ಬಿಟ್ಟಳು.

ಮಾತು ಬಿಡುವುದು ಎಂದರೆ ಪೂರ್ತಿ ಅಲ್ಲ. ಹಾಲಿನವನ ಜೊತೆ ಆಡುತ್ತಿದ್ದಳು, ಹೆಡ್‌ಮೇಡಂ ಜೊತೆ ಕಾಂಪೌಂಡಿನ ಮೇಲಿಂದ ಗಂಟೆಗಟ್ಟಲೆ ಆಡುತ್ತಿದ್ದಳು. ಗಂಡನಿಗೆ ಹೇಳಬೇಕಾದದ್ದನ್ನು ಅಡುಗೆಮನೆಯ ನಲ್ಲಿಗೆ ಹೇಳುತ್ತಿದ್ದಳು. "ಬಡಿಸಿಟ್ಟಿದೆ, ಬೇಕಾದವರು ತಿನ್ನಬಹುದು" ಎಂದು ನಲ್ಲಿಗೆ ಹೇಳಿ ಒಳಗೆ ಹೋಗುತ್ತಿದ್ದಳು. ನಲ್ಲಿ ತೊಟ್ಟಿಕ್ಕುತ್ತಿತ್ತು, ಗುಳ್ಳೆರಾಯ ತಿನ್ನುತ್ತಿದ್ದ. ಅವಳ ತಲೆಯ ಮೇಲೆ ಅವನಿಗೀಗ ಖಾಲಿ ಗುಳ್ಳೆಯೊಂದು ಕಾಣುತ್ತಿತ್ತು. ಅದು ಅಡುಗೆಮನೆಯಿಂದ ನಡುಮನೆಗೆ, ನಡುಮನೆಯಿಂದ ಮಂಚದವರೆಗೆ ಅವಳ ಹಿಂದೆಯೇ ತೇಲುತ್ತಿತ್ತು. ಅವಳು ಮತ್ತೆ ಮಾತಾಡಿದರೆ ಸಾಕು, ಬೈದರೂ ಸಾಕು, ಬೇರೇನೂ ಬೇಡ ಎನ್ನುವ ಹಾಗಾಗಿತ್ತು ಅವನಿಗೆ.

ಬಾಯಲ್ಲಂತೂ ಬರುವುದಿಲ್ಲ. ಹಾಗಾಗಿ ಬರವಣಿಗೆಗೆ ಇಳಿದ. ಗುಳ್ಳೆಯ ಆಚೆ ಬರೆದು ಅಭ್ಯಾಸವಿಲ್ಲದ್ದರಿಂದ ಗುಳ್ಳೆಯಲ್ಲೇ ಬರೆದ. ದಿನಕ್ಕೊಂದು ಚೀಟಿ. ಬೆಳಿಗ್ಗೆ ಕಚೇರಿಗೆ ಹೊರಡುವಾಗ ಒಲೆಯ ಪಕ್ಕ, ಲೋಟದ ಕೆಳಗೆ ಇಟ್ಟು ಹೋಗುತ್ತಿದ್ದ. ‘ಸಾರು ಚೆನ್ನಾಗಿತ್ತು.’ ‘ಕೊಡೆ ರಿಪೇರಿ ಮಾಡಿಸಿದೆ.’ ‘ನಲ್ಲಿಗೆ ಹೇಳಿದ್ದು ಕೇಳಿಸಿತು.’ ಮೋಡದ ಗೆರೆ, ಕತ್ತರಿ, ಎಲ್ಲವೂ ಕ್ರಮವಾಗಿ. ಕೈ ಅಭ್ಯಾಸ ಬಿಡುತ್ತದೆಯೇ? ಚೀಟಿಯ ಹಿಂದೆ ಅಂಕಿಯನ್ನೂ ಹಾಕುತ್ತಿದ್ದ: ಮೊದಲ ದಿನ ಒಂದು, ಎರಡನೇ ದಿನ ಎರಡು. ಸಂಜೆ ಬಂದು ನೋಡಿದರೆ ಚೀಟಿ ಕಸದ ಬುಟ್ಟಿಯಲ್ಲಿರುತ್ತಿತ್ತು.

ಹನ್ನೆರಡನೇ ದಿನ ಅವನು ಗಟ್ಟಿ ಮನಸ್ಸು ಮಾಡಿ, ಸುತ್ತುಬಳಸು ಬಿಟ್ಟು, ಇದ್ದದ್ದು ಇದ್ದ ಹಾಗೆ ಬರೆದ:

‘ತಪ್ಪು ನನ್ನದು. ಅವತ್ತು ಎಲ್ಲರೆದುರು ಸುಮ್ಮನೆ ನೋಡುತ್ತಾ ನಿಂತೆ. ಕ್ಷಮಿಸು. ಇನ್ನಾದರೂ ಮಾತಾಡು.’

ಹಿಂದೆ ಹನ್ನೆರಡು ಎಂದು ಅಂಕಿ ಹಾಕಿದ. ಅದೇ ಬೆಳಿಗ್ಗೆ, ಮನೆಯ ಅದೇ ಮೇಜಿನ ಮೇಲೆ, ಮನೆಗೆ ತಂದಿದ್ದ ಕಚೇರಿಯ ಚೀಟಿಯೊಂದನ್ನೂ ಮುಗಿಸಿದ. ಚಂದ್ರನ ಕಥೆಯ ಕೊನೆಯ ಪುಟದ್ದು. ಇಡೀ ಪುಟಕ್ಕೆ ಒಂದೇ ಚಿತ್ರ: ಗೋಲ್‌ಕೀಪರ್ ಆಕಾಶದ ನಡುವೆ, ಎರಡೂ ಕೈಯಲ್ಲಿ ಚಂದ್ರನನ್ನು ಅವುಚಿಕೊಂಡು ನಿಂತಿದ್ದಾನೆ, ಕೆಳಗೆ ಊರು ಮಲಗಿದೆ. ಒಂದೇ ಗುಳ್ಳೆ:

‘ಹೆದರಬೇಡಿ. ಚಂದ್ರ ನನ್ನ ಕೈಯಲ್ಲಿದ್ದಾನೆ. ನೀವು ನಿಶ್ಚಿಂತೆಯಿಂದ ಮಲಗಿ.’

ಅದು ಹನ್ನೆರಡನೇ ಪುಟ. ಅದರ ಹಿಂದೆಯೂ ಹನ್ನೆರಡು.

ಮುಂದೆ ಏನಾಯಿತೆಂದು ಜಾಣರಿಗೆ ಹೇಳಬೇಕಾಗಿಲ್ಲ. ಒಂದು ಚೀಟಿ ಲೋಟದ ಕೆಳಗೆ ಹೋಯಿತು, ಇನ್ನೊಂದು ಅಂಗಿಯ ಜೇಬಿಗೆ ಹೋಯಿತು. ಯಾವುದು ಎಲ್ಲಿಗೆ ಹೋಗಬೇಕಿತ್ತೋ ಅಲ್ಲಿಗೆ ಹೋಗಲಿಲ್ಲ. ಕೊನೆಯ ಪುಟ ಗುಟ್ಟಾಗಿರಲಿ, ಯಾರೂ ನೋಡಕೂಡದು ಎಂದು ಸಂಪಾದಕರು ಕಟ್ಟಪ್ಪಣೆ ಮಾಡಿದ್ದರಿಂದ ಯಾರೂ ನೋಡಲಿಲ್ಲ. ಅಂಟಿನಜ್ಜ ಬೆನ್ನು ನೋಡಿದ, ಅಂಟಿಸಿದ, ಬೀಡಿ ಸೇದಲು ಹೋದ.

ಆ ಸಂಜೆ ಗುಳ್ಳೆರಾಯ ಮನೆಗೆ ಬಂದು ಮೊದಲು ಕಸದ ಬುಟ್ಟಿ ನೋಡಿದ. ಚೀಟಿ ಇಲ್ಲ! ಲೋಟದ ಕೆಳಗೂ ಇಲ್ಲ. ಎತ್ತಿಟ್ಟುಕೊಂಡಿದ್ದಾಳೆ ಎಂದುಕೊಂಡು ಕಾದು ನಿಂತ. ಆದರೆ ಅವಳು ಮಾತಾಡಲಿಲ್ಲ. ಅವನನ್ನು ಅಡಿಯಿಂದ ಮುಡಿಯವರೆಗೆ ಒಂದು ತರಹ ನೋಡಿದಳು, ಹಣೆ ಬಿಸಿಯಾಗಿದೆಯೇ ಎಂದು ನೋಡುವವರ ಹಾಗೆ. ಆಮೇಲೆ ನಲ್ಲಿಗೆ, "ತಲೆಗೆ ಎಣ್ಣೆ ಹಚ್ಚಿಕೊಂಡ್ರೆ ಒಳ್ಳೇದು, ಬೇಕಾದವರು" ಎಂದಳು. ಕ್ಷಮೆ ಕೇಳಿದರೆ ಎಣ್ಣೆ ಯಾಕೆ ಎಂದು ಅವನಿಗೆ ತಿಳಿಯಲಿಲ್ಲ. ಆದರೂ ಹಚ್ಚಿಕೊಂಡ.

ಇಪ್ಪತ್ತನೇ ದಿನ, ಶನಿವಾರ, ಗುಡುಗಣ್ಣನ ಆ ಪುಸ್ತಕ ಅಂಗಡಿಗಳಿಗೆ ಬಂತು.

ಗುಳ್ಳೆರಾಯ ಕ್ಷೌರದಂಗಡಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ. ಪಕ್ಕದ ಕುರ್ಚಿಯಲ್ಲಿದ್ದ ಬ್ಯಾಂಕಿನ ಕಾವಲುಗಾರ, ಆರಡಿ ಆಳು, ಕೈಯಲ್ಲಿ ಗುಡುಗಣ್ಣ ಹಿಡಿದು ಬಿಕ್ಕುತ್ತಿದ್ದ. "ನೋಡಿ ಸ್ವಾಮಿ, ಒಂದು ವರ್ಷ ನಾವು ಅವನನ್ನ ಎಷ್ಟು ಬೈದ್ವಿ! ಎಷ್ಟು ಸಣ್ಣ ಮಾತು, ‘ತಪ್ಪು ನನ್ನದು’ ಅಂತ! ಅದೂ ಏಕವಚನದಲ್ಲಿ! ದೇಶವನ್ನ ಹೆತ್ತ ತಾಯಿ ಥರ ಮಾತಾಡ್ಸಿದಾನೆ. ‘ಇನ್ನಾದರೂ ಮಾತಾಡು’ ಅಂತಾನಲ್ರೀ, ಪಾಪ!" ಕ್ಷೌರಿಕನೂ ಕತ್ತಿ ಕೆಳಗಿಟ್ಟು ಕಣ್ಣೊರೆಸಿಕೊಂಡ.

ಗುಳ್ಳೆರಾಯ ಬಗ್ಗಿ ನೋಡಿದ. ತನ್ನದೇ ದುಂಡನೆಯ ಅಕ್ಷರ. ಆಕಾಶದಲ್ಲಿ, ಚಂದ್ರನನ್ನು ತಬ್ಬಿಕೊಂಡ ಗೋಲ್‌ಕೀಪರನ ತಲೆಯ ಮೇಲೆ, ತನ್ನ ಹೆಂಡತಿಗೆ ಬರೆದದ್ದು! ಹಾಗಾದರೆ ಅವಳಿಗೆ ಸಿಕ್ಕಿದ್ದು? ‘ನೀವು ನಿಶ್ಚಿಂತೆಯಿಂದ ಮಲಗಿ.’ ಎಣ್ಣೆ ಯಾಕೆಂದು ಈಗ ತಿಳಿಯಿತು. ಅರ್ಧ ಗಡ್ಡ ಹೆರೆಸಿಕೊಂಡವನು ಅರ್ಧ ನೊರೆಯಲ್ಲೇ ಮನೆಗೆ ಓಡಿದ.

ಎಲ್ಲ ಹೇಳಿಬಿಡುವುದೆಂದೇ ಓಡಿದ. ಆದರೆ ಹಿತ್ತಿಲ ಬಾಗಿಲಿಗೆ ಬಂದಾಗ ಹೆಂಡತಿ ಕೈಯಲ್ಲೂ ಅದೇ ಪುಸ್ತಕ! ಹೆಡ್‌ಮೇಡಂ ಕೊಟ್ಟಿದ್ದರು. ಅವಳು ಕಾಂಪೌಂಡಿಗೆ ಒರಗಿಕೊಂಡು, ಮೂಗು ಒರೆಸಿಕೊಂಡು ಹೇಳುತ್ತಿದ್ದಳು: "ಗಂಡಸು ಅಂದ್ರೆ ಇವನು ನೋಡಿ ಮೇಡಂ. ತಪ್ಪು ಒಪ್ಪಿಕೊಳ್ಳೋಕೂ ಎದೆ ಬೇಕು. ನಮ್ಮನೇಲೂ ಇದ್ದಾರೆ ಒಬ್ಬರು! ಬಾಯಿದೆ, ನಾಲಿಗೆಯಿದೆ, ಇಪ್ಪತ್ತು ದಿನ ಆಯ್ತು, ಇಂಥ ಒಂದು ಮಾತು ಬಂತಾ ಆ ಬಾಯಲ್ಲಿ?"

ತಾನು ಬರೆದ ಕ್ಷಮಾಪಣೆಯಿಂದಲೇ ತನ್ನನ್ನು ಚಚ್ಚುವುದನ್ನು ಕೇಳಿದ ಗಂಡ ಪ್ರಪಂಚದಲ್ಲಿ ಮತ್ತೊಬ್ಬನಿದ್ದರೆ ಅವನಿಗೆ ನಮ್ಮ ನಮಸ್ಕಾರ. ಗುಳ್ಳೆರಾಯ ಬಾಯಿ ತೆರೆದ. ಬಾಯೊಳಗೆ ನೊರೆ ಹೋಯಿತು.

ಆಮೇಲಿನ ದಿನಗಳು ಕನಸಿನ ಹಾಗಿದ್ದವು. ‘ಇನ್ನಾದರೂ ಮಾತಾಡು’ ಎಂದಿದ್ದನಲ್ಲ? ಜನ ಮಾತಾಡತೊಡಗಿದರು. ಊರಿನ ಗೋಡೆಗಳ ಮೇಲೆಲ್ಲ ಗೋಲ್‌ಕೀಪರನ ಹಳೆಯ ಸೋಪಿನ ಜಾಹೀರಾತುಗಳಿದ್ದವು. ಕೆಲಸ ಮುಗಿಸಿ ಹೋಗುವವರು ಅದರ ಮುಂದೆ ಒಂದು ಗಳಿಗೆ ನಿಂತು, "ಆಯ್ತು ಬಿಡಪ್ಪ, ಯಾರು ತಪ್ಪು ಮಾಡದೆ ಇರ್ತಾರೆ?" ಎಂದು ಹೇಳಿ ಹೋಗುತ್ತಿದ್ದರು. ಒಬ್ಬ ಟೈಪಿಸ್ಟ್ ತನ್ನ ಮದುವೆಯ ಚಿಂತೆಯನ್ನೆಲ್ಲ ಹೇಳಿಕೊಂಡಳಂತೆ. ಸಂಜೆಯ ಹಳದಿ ಬೆಳಕಿನಲ್ಲಿ ಬೀದಿಯುದ್ದಕ್ಕೂ ಜನ ಗೋಡೆಯ ಜೊತೆ ಪಿಸುಗುಟ್ಟುತ್ತಾ ನಿಂತಿರುತ್ತಿದ್ದರು. ಅವರ ಮಾತಿನ ಗುಳ್ಳೆಗಳು ತಂತಿಗಳ ಮೇಲೆ ಸಾಲಾಗಿ ಕೂತಿರುವುದು ಗುಳ್ಳೆರಾಯನಿಗೊಬ್ಬನಿಗೆ ಕಾಣುತ್ತಿತ್ತು. ದೇಶಕ್ಕೆ ದೇಶವೇ ಕ್ಷಮಿಸಿತ್ತು. ಕ್ಷಮೆ ಕೇಳಿದವನಿಗೆ ಮಾತ್ರ ನಲ್ಲಿಯೇ ಗತಿಯಾಗಿತ್ತು.

ಸಂಪಾದಕರ ಬಳಿ ಹೋಗಿ ಸತ್ಯ ಹೇಳಿದ. ಪುಸ್ತಕ ಮೂರನೇ ಸಲ ಅಚ್ಚಾಗುತ್ತಿತ್ತು. ಸಂಪಾದಕರು ಎದ್ದು ಬಾಗಿಲು ಹಾಕಿಕೊಂಡು ಬಂದರು. "ಮಾರಾಯ, ನಿನ್ನ ಹೆಂಡತಿ ಒಬ್ಬಳು. ಓದುಗರು ಮೂರು ಲಕ್ಷ. ಆ ಮಾತು ನಿಂದು ಅಂತ ಹೊರಗೆ ಉಸುರಿದ್ರೆ ನಾಳೆಯಿಂದ ನೀನು ಈ ಕಡೆ ಬರೋದೇ ಬೇಡ."

ಅಷ್ಟರಲ್ಲಿ ಕ್ರೀಡಾ ಮಂಡಳಿಯ ಗುಮಾಸ್ತನೊಬ್ಬ ಕಡತ ಹಿಡಿದುಕೊಂಡು ಬಂದ. ತೆಳ್ಳಗಿನ ಮನುಷ್ಯ, ದಪ್ಪನೆಯ ಕಡತ. "ಒಪ್ಪಂದದ ಪ್ರಕಾರ ಆಟಗಾರರ ಮುಖ ಬಳಸಬಹುದು, ಕೈಕಾಲು ಬಳಸಬಹುದು. ಪಶ್ಚಾತ್ತಾಪ ಇದ್ರಲ್ಲಿ ಎಲ್ಲಿದೆ ತೋರಿಸಿ. ಮಂಡಳಿಯ ಆಟಗಾರರು ಪಶ್ಚಾತ್ತಾಪ ಪಡಬೇಕಾದ್ರೆ ಮೊದಲೇ ಅರ್ಜಿ ಕೊಡಬೇಕು, ಮೂರು ಪ್ರತಿ. ಇದು ಅವರ ಮಾತೋ ಅಲ್ವೋ? ಯಾರಾದ್ರೂ ಸಹಿ ಹಾಕಿ" ಎಂದ. ಸಂಪಾದಕರು ಅಂಟಿನಜ್ಜನ ಕಡೆ ಕೈ ತೋರಿಸಿದರು. ಅಂಟಿನಜ್ಜ, "ನಾನು ಓದೋದಿಲ್ಲ" ಎಂದ. ಗುಮಾಸ್ತ ಅದನ್ನೇ ಬರೆದುಕೊಂಡ.

ಮೂವತ್ತೆರಡನೇ ದಿನ ಗೋಲ್‌ಕೀಪರನಿಂದಲೇ ಕಚೇರಿಗೆ ಕಾಗದ ಬಂತು. ಎರಡೇ ಸಾಲು: ‘ಆ ಗುಳ್ಳೆ ಬರೆದವರನ್ನು ನೋಡಬೇಕು. ಭಾನುವಾರ ಅವರ ಮನೆಗೆ ಬರುತ್ತೇನೆ.’

ಬುದ್ಧಿ ಕಲಿತಿದ್ದ ಗುಳ್ಳೆರಾಯ ಈ ಸಲ ಒಬ್ಬರಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಗೋಲ್‌ಕೀಪರ್ ಬರುತ್ತಾರೆಂದು ಸಂಪಾದಕರೇ ಊರಿಗೆಲ್ಲ ಸಾರಿದರು. ಮೂವತ್ತೈದನೇ ದಿನ, ಭಾನುವಾರ ಮಧ್ಯಾಹ್ನ, ಇನ್‌ಸ್ಪೆಕ್ಟರು ಮನೆಮಂದಿಯೊಂದಿಗೆ ಬಂದು ಮುಂದಿನ ಕುರ್ಚಿಯನ್ನೇ ಹಿಡಿದ. ಹೆಡ್‌ಮೇಡಂ ಅದೇ ಚಪ್ಪಲಿಯಲ್ಲಿ ಬಂದರು. ಸಂಪಾದಕರು ಬಂದರು, ಗುಮಾಸ್ತ ಕಡತದೊಂದಿಗೆ ಬಂದ, ಅಂಟಿನಜ್ಜ ಊಟವಿದೆಯೆಂದು ಬಂದ. ಹೆಂಡತಿ ಯಾರ ಮುಖವನ್ನೂ ನೋಡದೆ ಹನ್ನೊಂದರ ಬದಲು ಎರಡು ಬಗೆ ಮಾಡಿಟ್ಟು, "ಬಂದ್ರೆ ಬರಲಿ, ಬರದಿದ್ರೆ ಬಿಡಲಿ" ಎಂದು ನಲ್ಲಿಗೆ ಹೇಳಿದಳು.

ಮೂರೂವರೆಗೆ ಬಾಗಿಲಲ್ಲಿ ಬೆಳಕು ನಿಂತುಹೋಯಿತು. ನೋಡಿದರೆ ಗೋಲ್‌ಕೀಪರ್! ಬಾಗಿಲಿಗಿಂತ ಎತ್ತರದವನು ತಲೆ ಬಗ್ಗಿಸಿಕೊಂಡು ಒಳಗೆ ಬಂದ. ಒಂದು ಸ್ಟೂಲಿನ ಮೇಲೆ ಕೂತ, ತನ್ನ ದೊಡ್ಡ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಂಡಿಯ ಮೇಲಿಟ್ಟುಕೊಂಡ. ಅವನ ಹಿಂದಿನ ಕಿಟಕಿಯಲ್ಲಿ, ಹಗಲಿನ ಆಕಾಶದಲ್ಲಿ, ಅರ್ಧ ಚಂದ್ರ ಮಸುಕಾಗಿ ಕಾಣುತ್ತಿದ್ದ.

ಗುಮಾಸ್ತ ಕಡತ ಬಿಚ್ಚಿದ. "ಸಾರ್, ಇಲ್ಲಿ ‘ಸದರಿ ಮಾತು ನನ್ನದೇ’ ಅಂತ ಒಂದು ಸಹಿ ಹಾಕಿ. ಮಂಡಳಿ ಕ್ಷಮಿಸುತ್ತೆ. ತಂಡದಲ್ಲಿ ಮತ್ತೆ ನಿಮ್ಮನ್ನೇ ನಿಲ್ಲಿಸ್ತಾರೆ."

ಗೋಲ್‌ಕೀಪರ್ ಪೆನ್ನು ತೆಗೆದುಕೊಳ್ಳಲಿಲ್ಲ. ಗುಳ್ಳೆರಾಯನ ಕಡೆ ನೋಡುತ್ತಾ, "ಬರೆದವರು ನೀವೇ ಅಲ್ವಾ? ಒಂದು ವರ್ಷದಿಂದ ನನ್ನ ಗಂಟಲಲ್ಲಿ ಸಿಕ್ಕಿಹಾಕ್ಕೊಂಡಿದ್ದು ನಿಮಗೆ ಹೇಗೆ ಗೊತ್ತಾಯ್ತು?" ಎಂದ.

ಗುಳ್ಳೆರಾಯ ಉತ್ತರ ಹುಡುಕುವಷ್ಟರಲ್ಲಿ ಇನ್‌ಸ್ಪೆಕ್ಟರು ನಕ್ಕುಬಿಟ್ಟ. "ಅಯ್ಯೋ, ಇವನಿಗೇನು ಗೊತ್ತು ಸಾರ್! ಸಂಪಾದಕರು ಹೇಳಿದ್ದನ್ನ ಗೀಚ್ತಾನೆ ಅಷ್ಟೆ. ನಮ್ಮ ಗುಳ್ಳೆ ಭಾವನಿಗೆ ಸ್ವಂತ ಮಾತು ಅಂತ ಒಂದು ಗುಲಗಂಜಿ ತೂಕವೂ ಇಲ್ಲ. ಕಟ್ಕೊಂಡ ತಪ್ಪಿಗೆ ನನ್ನ ತಂಗಿ ಅನುಭವಿಸ್ತಿದಾಳೆ. ಅವಳೂ ಹಾಗೇ ಆಗಿದಾಳೆ ಬಿಡಿ, ಸುಳ್ಳಿಗೆ ಸುಳ್ಳು ಸೇರಿಸ್ಕೊಂಡು..."

ಅದೇ ಕೋಣೆ, ಅದೇ ಜನ, ಅದೇ ಮಾತು. ಗುಳ್ಳೆರಾಯನ ಕೈಯಲ್ಲಿ ಅದೇ ಸೌಟು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಚೆಂಡು ಉರುಳಿಕೊಂಡು ಬರುತ್ತಿತ್ತು, ಮೆಲ್ಲಗೆ. ಒಂದು ಕಡೆ ಸಂಪಾದಕರು ಕಣ್ಣು ಕೆಂಪಗೆ ಮಾಡಿ ಬೆರಳು ತುಟಿಗಿಟ್ಟು ತೋರಿಸುತ್ತಿದ್ದರು: ಬಾಯಿ ಬಿಟ್ಟರೆ ಕೆಲಸ ಹೋಯಿತು! ಇನ್ನೊಂದು ಕಡೆ ಗೋಲ್‌ಕೀಪರ್, ಸಹಿ ಹಾಕಿದರೆ ಬದುಕಿಕೊಳ್ಳುವ ಮನುಷ್ಯ.

"ಭಾವ, ಸುಮ್ನಿರಿ" ಎಂದ ಗುಳ್ಳೆರಾಯ.

ತಾನೇ ಹೇಳಿದ್ದೋ ಎಂದು ಅವನೂ ಒಮ್ಮೆ ಹಿಂದೆ ತಿರುಗಿ ನೋಡಿದ. ಆಮೇಲೆ ಹೇಳಿದ, ಅಭ್ಯಾಸಬಲ, ಉಸಿರಿಗೆ ಮೂರು ಪದಕ್ಕಿಂತ ಹೆಚ್ಚು ಬರಲಿಲ್ಲ. "ಸಾರ್, ಕ್ಷಮಿಸಿ. ಆ ಮಾತು ನಿಮ್ಮದಲ್ಲ. ನಂದು. ನಾನು ಬರೆದದ್ದು... ನನ್ನ ಹೆಂಡತಿಗೆ. ಚೀಟಿ ಅದಲುಬದಲಾಯ್ತು. ಸುಳ್ಳು ಹೇಳಿದ್ದು ನಾನು. ಅವಳು ನನ್ನನ್ನ ನಂಬಿದಳು, ಅಷ್ಟೆ. ಅವಳನ್ನ ಇವರು ಬೈದಾಗ... ನಾನು ನೋಡ್ತಾ ನಿಂತೆ." ಅವನು ಅಡುಗೆಮನೆಯ ಬಾಗಿಲಿಗೆ ತಿರುಗಿದ. "ತಪ್ಪು ನಂದು. ಕ್ಷಮಿಸು. ಇನ್ನಾದ್ರೂ ಮಾತಾಡು."

ಹೆಡ್‌ಮೇಡಂ "ಅಯ್ಯೋ ದೇವರೇ" ಎಂದು ಕೂತರು. ಸಂಪಾದಕರು ಹಣೆ ಹಣೆ ಚಚ್ಚಿಕೊಂಡರು. ಗುಮಾಸ್ತ ಪೆನ್ನಿನ ಮುಚ್ಚಳ ಹಾಕುತ್ತಾ, "ಹಾಗಾದ್ರೆ ಪಶ್ಚಾತ್ತಾಪ ರದ್ದು?" ಎಂದು ಕೇಳಿದ.

"ರದ್ದು ಮಾಡಿ" ಎಂದ ಗೋಲ್‌ಕೀಪರ್. ಅವನು ಎದ್ದು ನಿಂತದ್ದಕ್ಕೆ ತಲೆ ದೀಪಕ್ಕೆ ತಗುಲಿ, ದೀಪ ತೂಗತೊಡಗಿತು. "ಅವರದು ಅವರಿಗಿರಲಿ. ನಂದು ನಾನು ಹೇಳ್ತೀನಿ, ಬರ್ಕೊಳ್ಳಿ. ಚೆಂಡು ಬರ್ತಿತ್ತು. ನಂಗೆ ಕಾಣ್ತಿತ್ತು. ಹಿಡೀತೀನಿ ಹಿಡೀತೀನಿ ಅಂತ ನಿಂತೇ ಇದ್ದೆ. ಯಾಕೆ ಅಂತ ನಂಗೂ ಗೊತ್ತಿಲ್ಲ. ತಪ್ಪಾಯ್ತು." ಇಷ್ಟು ಹೇಳಿ ಅವನು ಉಸಿರು ಬಿಟ್ಟ ರೀತಿಗೆ ಕಿಟಕಿಯ ಪರದೆ ಅಲ್ಲಾಡಿತು. ಸಂಪಾದಕರು ಕೆಲಸದಿಂದ ಯಾರನ್ನೋ ತೆಗೆಯಬೇಕೆಂದಿದ್ದದ್ದನ್ನು ಮರೆತು, ಇದನ್ನೆಲ್ಲ ಅಂಗಿಯ ತೋಳಿನ ಮೇಲೆ ಬರೆದುಕೊಳ್ಳುತ್ತಿದ್ದರು. "ಇದಕ್ಕೂ ಮೂರು ಪ್ರತಿ ಬೇಕು" ಎಂದ ಗುಮಾಸ್ತ, ಮೂಗು ಒರೆಸಿಕೊಳ್ಳುತ್ತಾ.

ಹೆಂಡತಿ ಒಳಗೆ ಹೋದಳು. ಉಪ್ಪಿನ ಡಬ್ಬಿಯ ಮುಚ್ಚಳದ ಸದ್ದು ಕೇಳಿಸಿತು. ಹೊರಗೆ ಬಂದಾಗ ಅವಳ ಕೈಯಲ್ಲಿ ಮೋಡದ ಗೆರೆಯ ಒಂದು ಚೀಟಿ ಇತ್ತು. ಅವಳು ನೆಟ್ಟಗೆ ಗಂಡನ ಮುಂದೆ ಬಂದು ನಿಂತಳು.

"ಹಾಗಾದ್ರೆ ಇದು ಯಾರದು?"

ಮೂವತ್ತೈದು ದಿನದ ಮೇಲೆ! ಅದೂ ನಲ್ಲಿಗಲ್ಲ, ಅವನಿಗೇ! ಗುಳ್ಳೆರಾಯನಿಗೆ ಕಣ್ಣು ತುಂಬಿ ಚೀಟಿಯ ಅಕ್ಷರವೇ ಕಾಣಲಿಲ್ಲ. "ಅದು... ಅವರದು" ಎಂದು ಗೋಲ್‌ಕೀಪರನ ಕಡೆ ತೋರಿಸಿದ.

"ನೀವು ನನಗೆ ಬರೆದದ್ದು ಅಂದ್ಕೊಂಡಿದ್ದೆ" ಎಂದಳು ಅವಳು. "ಮದುವೆಯಾದ ಮೇಲೆ ಮೊದಲ ಸಲ ‘ನೀವು, ಮಲಗಿ’ ಅಂತ ಬಹುವಚನ ಬೇರೆ! ತಲೆ ಕೆಟ್ಟಿದೆ ಅಂತ ಎಣ್ಣೆ ಹಚ್ಚಿಸಿದೆ. ಆದ್ರೆ ಯಾಕೋ ಬಿಸಾಡೋಕೆ ಮನಸ್ಸು ಬರಲಿಲ್ಲ. ಅವತ್ತಿನಿಂದ ನಂಗೆ ಚೆನ್ನಾಗಿ ನಿದ್ದೆ ಬರ್ತಿದೆ." ಆಮೇಲೆ ಅವಳು ಚೀಟಿಯನ್ನು ಗೋಲ್‌ಕೀಪರನ ಮುಂದೆ ಚಾಚಿದಳು. "ನಿಮ್ಮ ಮಾತು ನಮ್ಮನೇಲಿ ಉಳ್ಕೊಂಡಿತ್ತು.  ತಗೊಳ್ಳಿ."

ಗೋಲ್‌ಕೀಪರ್ ಓದಿದ. ಕಿಟಕಿಯ ಚಂದ್ರನನ್ನು ಒಮ್ಮೆ ನೋಡಿದ. ಹಿಡಿಯಲು ಮುಂದೆ ಬಂದಿದ್ದ ಆ ಎರಡು ದೊಡ್ಡ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಇದನ್ನ ನಾನು ಹಿಡಿಯಲ್ಲಮ್ಮ" ಎಂದ. "ಇದು ಒಳಗೆ ಹೋಗಬೇಕಾದ ಗೋಲೇ. ಸರಿಯಾಗಿ ಹೋಗಿದೆ."

ಅವಳು ನಕ್ಕಳು. ಚೀಟಿಯನ್ನು ಮಡಿಸಿ ಮತ್ತೆ ಉಪ್ಪಿನ ಡಬ್ಬಿಗೆ ಹಾಕಲು ಹೊರಟವಳು ಅಣ್ಣನ ಕುರ್ಚಿಯ ಹತ್ತಿರ ನಿಂತು, "ಅಣ್ಣಾ, ನಿನ್ನ ತಕ್ಕಡಿಯನ್ನ ಇನ್ನು ಮೇಲೆ ನಿಮ್ಮನೇಲೇ ಇಟ್ಟು ಬಾ" ಎಂದಳು. ಇನ್‌ಸ್ಪೆಕ್ಟರು ಏನೋ ಹೇಳಲು ಬಾಯಿ ತೆರೆದ. ಅಂಟಿನಜ್ಜ ಅವನ ಕೈಗೆ ತಟ್ಟೆ ಕೊಟ್ಟು ಕೂರಿಸಿದ.

"ನೀವೇನು ನಿಂತಿದೀರಿ ಸೌಟು ಹಿಡ್ಕೊಂಡು?" ಇದು ಗುಳ್ಳೆರಾಯನಿಗೆ. "ಬಾಯಿ ತೆರೆದಿದೀರಲ್ಲ, ಹಾಗೇ ಇಟ್ಕೊಳ್ಳಿ, ಊಟಕ್ಕೂ ಬೇಕಾಗುತ್ತೆ. ಆ ಕೊಡೆ ರಿಪೇರಿ ಮಾಡಿಸಿದೆ ಅಂತ ಬರೆದ್ರಲ್ಲ, ಎಲ್ಲಿ ರಿಪೇರಿ ಆಗಿದೆ? ಹಾಗೇ ಸೋರುತ್ತೆ. ಟೊಮೇಟೊ ತಂದ್ರಲ್ಲ ಹೋದ ವಾರ, ಅದನ್ನ ಟೊಮೇಟೊ ಅಂತಾರಾ? ಮತ್ತೆ ಈ ನಲ್ಲಿ, ತೊಟ್ಟಿಕ್ಕಿ ತೊಟ್ಟಿಕ್ಕಿ ನನ್ನ ತಲೆ ತಿಂದಿದೆ, ನಾಳೆ ಪ್ಲಂಬರನ್ನ ಕರ್ಕೊಂಡು ಬನ್ನಿ..."

ಮೂವತ್ತೈದು ದಿನ ಕೂಡಿಟ್ಟ ಮಾತು. ಗುಳ್ಳೆರಾಯ ತಟ್ಟೆ ಹಿಡಿದು ಗೋಲ್‌ಕೀಪರನ ಪಕ್ಕ ನೆಲದ ಮೇಲೆ ಕೂತು, ತಲೆಯೆತ್ತಿ ನೋಡಿದ. ಖಾಲಿಯಿದ್ದ ಗುಳ್ಳೆ ತುಂಬಿತ್ತು. ಇನ್ನೊಂದು ಹುಟ್ಟಿತು, ಮತ್ತೊಂದು ಹುಟ್ಟಿತು. ಕೋಣೆಯೆಲ್ಲ ಗುಳ್ಳೆಗಳಾಗಿ, ತೂಗುವ ದೀಪವನ್ನು ಸುತ್ತಿ, ಕಿಟಕಿಯಿಂದ ಹೊರಗೆ ಹೋಗಿ, ಹಗಲಿನ ಚಂದ್ರನ ಕಡೆಗೆ ಒಂದರ ಹಿಂದೊಂದು ತೇಲುತ್ತಿದ್ದವು. ಸಾಲಿಗೆ ಮೂರೇ ಪದ ಎಂಬ ನಿಯಮವನ್ನು ಅವುಗಳಲ್ಲಿ ಒಂದೂ ಪಾಲಿಸಿರಲಿಲ್ಲ.

"ಕೇಳಿಸ್ತಾ ಇದೆಯಾ?" ಎಂದಳು ಹೆಂಡತಿ.

"ಕೇಳಿಸ್ತಿದೆ, ಹೇಳು" ಎಂದ ಗುಳ್ಳೆರಾಯ, ಮತ್ತು ತಟ್ಟೆಯನ್ನು ಮುಂದೆ ಹಿಡಿದ.